ಏಳೂಮುಕ್ಕಾಲರ ಚೀಟಿ

ಎಂಟು ಐವತ್ತೆರಡಕ್ಕೆ ಫೆನ್ನಾ ಶಾಲೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವಳ ಕೆಳತುಟಿ ಸೀಳಿ ರಕ್ತ ಗದ್ದದವರೆಗೆ ಇಳಿದಿತ್ತು. ಸೊಂಟದಿಂದ ಕೆಳಗೆ ಕಾಲುವೆಯ ನೀರು ಸೋರುತ್ತಿತ್ತು. ಫೆಬ್ರವರಿಯ ಚಳಿಯಲ್ಲಿ ಹದಿನಾಲ್ಕರ ಹುಡುಗಿ ಹಲ್ಲು ಕಟಕಟಿಸುತ್ತ ಗಾಜಿನ ಕೋಣೆಯ ಮುಂದೆ ಬಂದು ನಿಂತಳು. ಒಳಗೆ ಕೂತಿದ್ದ ಹಾರ್ಮ್, ನಲವತ್ತು ವರ್ಷದಿಂದ ಆ ಬಾಗಿಲು ಕಾಯುತ್ತಿರುವ ಮುದುಕ, ಮೊದಲು ಗಡಿಯಾರ ನೋಡಿದ, ಆಮೇಲೆ ಅವಳ ಮುಖ ನೋಡಿದ. ಆ ಶಾಲೆಯಲ್ಲಿ ಎಲ್ಲರೂ ನೋಡುವುದು ಅದೇ ಕ್ರಮದಲ್ಲಿ.

ಗ್ರೋನಿಂಗನ್ ಸೀಮೆಯ ಕಡಲಂಚಿನ ಆ ಪಟ್ಟಣದಲ್ಲಿ ತಡವಾಗಿ ಬಂದ ಮಕ್ಕಳ ಮೇಲೆ ಯಾರೂ ಕೈ ಎತ್ತುವುದಿಲ್ಲ, ಬೈಯುವುದೂ ಇಲ್ಲ. ಒಂದು ಹಳದಿ ಚೀಟಿ ಕೊಡುತ್ತಾರೆ, ಅಷ್ಟೆ. ಚೀಟಿ ಪಡೆದವರು ಮರುದಿನ ಏಳೂಮುಕ್ಕಾಲಕ್ಕೆ, ಅಂದರೆ ಗಂಟೆ ಹೊಡೆಯುವ ಮುಕ್ಕಾಲು ತಾಸು ಮೊದಲೇ ಬಂದು ಹಾರ್ಮನಿಗೆ ಹೆಸರು ಹೇಳಿ ಒಳಗಿನ ಬೆಂಚಿನ ಮೇಲೆ ಕೂರಬೇಕು. ಚೀಟಿ ಇಲ್ಲದವರಿಗೆ ಎಂಟೂಕಾಲಕ್ಕೆ ಮೊದಲು ಬಾಗಿಲು ತೆರೆಯುವುದಿಲ್ಲ. ಹದಿನಾರು ಚೀಟಿಯಾದರೆ ಪುರಸಭೆಯ ಹಾಜರಾತಿ ಅಧಿಕಾರಿಗೆ ಕಾಗದ ಹೋಗುತ್ತದೆ. ಆಮೇಲೆ ಅವರು ಸುಮ್ಮನಿರುವಂತಿಲ್ಲ, ಮನೆಗೆ ಬರಬೇಕು, ಎಲ್ಲರನ್ನೂ ವಿಚಾರಿಸಬೇಕು, ಬೇಕಾದರೆ ಕೋರ್ಟಿಗೂ ಕರೆಸಬೇಕು. ಚೀಟಿಯ ಕೆಳಗೆ ‘ಕಾರಣ’ ಅಂತ ಒಂದು ಗೆರೆ ಇದೆ. ಅದರಲ್ಲಿ ಎಲ್ಲ ಮಕ್ಕಳೂ ‘ಎದುರುಗಾಳಿ’ ಅಂತಲೇ ಬರೆಯುವುದು. ಆ ಬಯಲಲ್ಲಿ ಗಾಳಿಗೇನೂ ಬರವಿಲ್ಲವಾದ್ದರಿಂದ ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ.

ಫೆನ್ನಾಳೂ ‘ಎದುರುಗಾಳಿ’ ಅಂತ ಬರೆದಳು. ಅದು ಅವಳ ಹದಿನೈದನೆಯ ಚೀಟಿ.

ಹಾರ್ಮ್ ಅವಳನ್ನು ಕೌನ್ಸೆಲರ್ ರೂಲೀನಳ ಕೋಣೆಗೆ ಕಳಿಸಿದ. ಮಕ್ಕಳ ಕಷ್ಟಸುಖ ಕೇಳುವುದೇ ರೂಲೀನಳ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದಳು, ಚೆನ್ನಾಗಿ ಮಾಡುತ್ತೇನೆ ಅನ್ನುವ ಹೆಮ್ಮೆಯೂ ಇತ್ತು. ಒಳ್ಳೆಯವಳು. ಒಳ್ಳೆಯವರಿಂದ ಆಗುವ ಅನಾಹುತಕ್ಕೆ ಯಾವ ಊರಿನಲ್ಲೂ ಶಿಕ್ಷೆಯಿಲ್ಲ ನೋಡಿ. ಅವಳು ಹುಡುಗಿಗೆ ಒಣಗಿದ ಪ್ಯಾಂಟು ಹುಡುಕಿ ಕೊಟ್ಟಳು, ಬಿಸಿ ಚಹಾ ಕೊಟ್ಟಳು, ಡಬ್ಬದಿಂದ ಆ ದೇಶದ ರೂಢಿಯಂತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚಿದಳು. ತುಟಿಗೆ ಏನಾಯಿತು ಅಂತ ಕೇಳಿದಳು.

“ಸೇತುವೆ ಹತ್ರ ಜಾರಿದೆ ಮೇಡಂ. ಹ್ಯಾಂಡಲ್ ತಾಗ್ತು.”

ರೂಲೀನ್ ನಂಬಿದಳು. ನಂಬದಿದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತಿತ್ತು, ಅಷ್ಟರಲ್ಲಿ ಇನ್ನೊಬ್ಬ ಹುಡುಗ ಬಾಗಿಲ ಹೊರಗೆ ಕಾಯುತ್ತಿದ್ದ.

ಮಧ್ಯಾಹ್ನ ಹಾರ್ಮ್ ತನ್ನ ಪುಸ್ತಕ ಹಿಡಿದುಕೊಂಡು ಬಂದ. ಫೆನ್ನಾಳ ಹೆಸರಿನ ಮುಂದೆ ಬೆರಳಿಟ್ಟು ತೋರಿಸಿದ. ಸೋಮವಾರ ತಡ, ಮಂಗಳವಾರ ಏಳೂಮುಕ್ಕಾಲಕ್ಕೆ ಹಾಜರು. ಬುಧವಾರ ತಡ, ಗುರುವಾರ ಹಾಜರು. ವಾರದಿಂದ ವಾರಕ್ಕೆ ಹೀಗೇ.

“ನೋಡಿ ತಾಯಿ,” ಅಂದ. “ಎಂಟೂವರೆಗೆ ಬಾ ಅಂದ್ರೆ ತಡ. ಏಳೂಮುಕ್ಕಾಲಕ್ಕೆ ಬಾ ಅಂದ್ರೆ ಏಳೂವರೆಗೇ ಬಂದು ಬಾಗಿಲು ಬಡೀತಾಳೆ. ಒಂಬತ್ತು ಕಿಲೋಮೀಟರ್ ಸೈಕಲ್ ತುಳ್ಕೊಂಡು. ಎಂಟೂವರೆಗೆ ಬೀಸೋ ಗಾಳಿ ಏಳೂವರೆಗೆ ಎಲ್ಲಿಗೆ ಹೋಗುತ್ತೆ, ನೀವೇ ಹೇಳಿ.”

ಅಲ್ಲೇ ಇತ್ತು ಉತ್ತರ, ಅಂಗೈ ಮೇಲಿನ ನೆಲ್ಲಿಕಾಯಿಯ ಹಾಗೆ. ರೂಲೀನ್ ಅದನ್ನು ತಿರುಗಾಮುರುಗಾ ಓದಿದಳು. ಹುಡುಗಿಗೆ ಬೇಗ ಏಳಲು ಬರುತ್ತದೆ, ಆದರೆ ಯಾರಾದರೂ ಕಾಯುತ್ತಿದ್ದರೆ ಮಾತ್ರ ಏಳುತ್ತಾಳೆ, ತಾಯಿ ಆರಕ್ಕೇ ಕೆಲಸಕ್ಕೆ ಹೋಗುತ್ತಾಳೆ, ಒಂಟಿತನ, ಪಾಪ, ಅಂದುಕೊಂಡಳು. ಇದಕ್ಕೆ ಮದ್ದು ಜೊತೆ. ಆ ದೇಶದಲ್ಲಿ ಹಳ್ಳಿಯ ಮಕ್ಕಳು ಒಂಟಿಯಾಗಿ ಶಾಲೆಗೆ ಬರುವುದಿಲ್ಲ, ಎಂಟ್ಹತ್ತು ಸೈಕಲ್ಲು ಗುಂಪಾಗಿ ಗಾಳಿ ಸೀಳಿಕೊಂಡು ಬರುತ್ತವೆ. ಫೆನ್ನಾ ಮಾತ್ರ ಯಾಕೆ ಗುಂಪಿನಲ್ಲಿಲ್ಲ ಅಂತ ಕೇಳುವ ಬದಲು ಅವಳನ್ನು ಗುಂಪಿಗೆ ಸೇರಿಸುವುದು ಹೇಗೆ ಅಂತ ಯೋಚಿಸಿದಳು.

ಫೆನ್ನಾಳ ಮನೆಯಿಂದ ಮೂರನೆಯ ಮನೆಯಲ್ಲಿ ಮಾರಿಟ್ ಇದ್ದಳು. ಹದಿನಾರು ವರ್ಷ, ತರಗತಿಯ ಪ್ರತಿನಿಧಿ, ಎದುರಿಗೆ ಬಂದರೆ ಕೈಕುಲುಕಿ ಹೆಸರು ಹಿಡಿದು ಕುಶಲ ಕೇಳುವ ಹುಡುಗಿ. ಬೆಣ್ಣೆಯಂಥ ಮಾತು. ದಿನಾ ಬೆಳಿಗ್ಗೆ ಫೆನ್ನಾಳ ಮನೆಯ ಗಂಟೆ ಒತ್ತಿ ಕರೆದುಕೊಂಡು ಬರುತ್ತೀಯಾ ಅಂತ ರೂಲೀನ್ ಕೇಳಿದಾಗ ಅವಳು ನಕ್ಕಳು.

“ಖಂಡಿತ ಮೇಡಂ. ನಾವೇ ಎಷ್ಟೋ ದಿನದಿಂದ ಅವಳನ್ನ ಹುಡುಕ್ತಾ ಇದೀವಿ, ಸಿಗೋದೇ ಇಲ್ಲ.”

ರೂಲೀನಳಿಗೆ ಆ ಮಾತು ಬಹಳ ಹಿಡಿಸಿತು. ಹತ್ತು ಚೌಕದ ಒಂದು ಕಾರ್ಡು ಮಾಡಿ ಮಾರಿಟಳ ಕೈಗೆ ಕೊಟ್ಟಳು. ಫೆನ್ನಾ ಸಮಯಕ್ಕೆ ಬಂದ ದಿನ ಒಂದು ಚೌಕಕ್ಕೆ ತಾನು ಸಹಿ ಹಾಕುತ್ತೇನೆ, ಹತ್ತು ತುಂಬಿದರೆ ಇಬ್ಬರಿಗೂ ಸೇಬಿನ ಕೇಕು. ತೋಳನ ಕೈಗೆ ಕುರಿ ಕೊಟ್ಟದ್ದಲ್ಲದೆ ರಸೀದಿಯನ್ನೂ ಬರೆದುಕೊಟ್ಟಳು.

ಸಂಜೆ ಫೆನ್ನಾಳನ್ನು ಕರೆದು ವಿಷಯ ಹೇಳಿದಳು. ಇನ್ನು ಮೇಲೆ ಕತ್ತಲಲ್ಲಿ ಒಬ್ಬಳೇ ಬರಬೇಕಾಗಿಲ್ಲ. ಹದಿನಾರಕ್ಕೆ ಮುಟ್ಟಿ ಕಾಗದ ಹೋಗಬಾರದು, ಅದಕ್ಕೇ ಕಡೆಯ ಐದು ಚೀಟಿ ರದ್ದು. ಫೆನ್ನಾಳ ಮುಖದಿಂದ ಬಣ್ಣ ಇಳಿಯಿತು.

“ಹರೀಬೇಡಿ ಮೇಡಂ. ದಿನಾ ಒಂದು ಚೀಟಿ ಕೊಡಿ. ದಿನಾ ಏಳೂಮುಕ್ಕಾಲಕ್ಕೆ ಬರ್ತೀನಿ. ಈ ವರ್ಷ ಪೂರ್ತಿ ಬರ್ತೀನಿ.”

“ಶಿಕ್ಷೇನ ಬೇಡಿ ತಗೊಳ್ಳೋರು ಉಂಟೇನೇ, ಹುಚ್ಚಿ,” ಅಂತ ರೂಲೀನ್ ನಕ್ಕಳು. ಹುಡುಗಿಯ ಕಣ್ಣೆದುರೇ ಐದೂ ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿದಳು. ಫೆನ್ನಾ ಬುಟ್ಟಿಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೊರಟುಹೋದಳು.

ಮರುದಿನದಿಂದ ಫೆನ್ನಾ ಸಮಯಕ್ಕೆ ಸರಿಯಾಗಿ ಬರತೊಡಗಿದಳು. ಎಂಟು ಇಪ್ಪತ್ತೇಳಕ್ಕೆ ಎಂಟು ಸೈಕಲ್ಲು ಗೇಟಿನೊಳಗೆ ಬರುತ್ತಿದ್ದವು, ನಡುವೆ ಅವಳದು. ಮೂರನೆಯ ದಿನ ಅವಳಿಗೆ ಗವಸುಗಳಿರಲಿಲ್ಲ, ಬೆರಳ ಗೆಣ್ಣುಗಳು ಬಾತು ನೇರಳೆ ಬಣ್ಣಕ್ಕೆ ತಿರುಗಿದ್ದವು. ಮರೆತುಬಂದಳು ಅಂತ ಮಾರಿಟ್ ಹೇಳಿದಳು. ಐದನೆಯ ದಿನ ಅವಳ ಒಂದು ಜಡೆ ಇರಲಿಲ್ಲ. ಕಿವಿಯ ಮೇಲೆ ಕೂದಲು ಎಗ್ಗಾಮುಗ್ಗಾ ಕತ್ತರಿಸಿದಂತಿತ್ತು, ಕಿವಿಯ ಹಿಂದೆ ಒಂದು ಉದ್ದದ ಗೀರು. ಹೊಸ ಫ್ಯಾಶನ್ನು ಮೇಡಂ, ಅಂತ ಮಾರಿಟ್ ಹೇಳಿದಳು. ಚೆನ್ನಾಗಿದೆ, ಅಂದುಬಿಟ್ಟಳು ರೂಲೀನ್. ಏಳನೆಯ ದಿನ ಫೆನ್ನಾ ಕುರ್ಚಿಯಲ್ಲಿ ಕೂರಲು ಆಗದೆ ಇಡೀ ಪಾಠ ಗೋಡೆಗೆ ಒರಗಿ ನಿಂತಳು ಅಂತ ಗಣಿತದ ಮೇಷ್ಟ್ರು ಹೇಳಿದರು. ಅದೇ ಸಂಜೆ ಶಿಕ್ಷಕರ ಸಭೆಯಲ್ಲಿ ರೂಲೀನ್ ತನ್ನ ಉಪಾಯದ ಕಥೆ ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಹತ್ತನೆಯ ದಿನ ಎಂಟು ಇಪ್ಪತ್ತಾರಕ್ಕೆ ಮಾರಿಟ್ ಕಾರ್ಡು ಚಾಚಿದಳು. ರೂಲೀನ್ ಕೊನೆಯ ಚೌಕಕ್ಕೆ ಸಹಿ ಹಾಕಿ, ತಲೆ ಎತ್ತಿ, ಫೆನ್ನಾಳನ್ನು ನೋಡಿದಳು. ಅದೇ ಕ್ರಮದಲ್ಲಿ. ಫೆನ್ನಾಳ ಹಣೆಯಿಂದ ಬೆವರು ಹನಿಯುತ್ತಿತ್ತು. ಎಡಗೈ ಕೋಟಿನ ತೋಳಿನೊಳಗೆ ಬಾಗಬಾರದ ಕಡೆ ಬಾಗಿತ್ತು, ಮೊಣಕೈಗೂ ಮಣಿಕಟ್ಟಿಗೂ ನಡುವೆ. ಸೇತುವೆಯಿಂದ ನಾಲ್ಕು ಕಿಲೋಮೀಟರ್ ಅವಳು ಒಂದೇ ಕೈಯಲ್ಲಿ ಸೈಕಲ್ ತುಳಿದಿದ್ದಳು. ಬಾಯಿ ತೆರೆದು ಏನೋ ಹೇಳಹೋಗಿ ರೂಲೀನಳ ಬೂಟಿನ ಮೇಲೆ ವಾಂತಿ ಮಾಡಿಕೊಂಡು ಕುಸಿದಳು.

“ಕೇಕು ನಾಳೆ ತಿಂದ್ರೂ ಆಗುತ್ತೆ ಮೇಡಂ,” ಅಂದಳು ಮಾರಿಟ್. ಕಾರ್ಡನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡಳು.

ಆಸ್ಪತ್ರೆಯಲ್ಲಿ ಪ್ಲಾಸ್ಟರು ಒಣಗುವಾಗ ಫೆನ್ನಾ ಗೋಡೆ ನೋಡಿಕೊಂಡು ಎಲ್ಲ ಹೇಳಿದಳು. ಹೊಸವರ್ಷದ ಹಿಂದಿನ ದಿನ ಮಧ್ಯಾಹ್ನ ಅವಳ ಹಳ್ಳಿಯ ಹುಡುಗರು ಹಳೇ ಹಾಲಿನ ಕ್ಯಾನಿನಲ್ಲಿ ಕಾರ್ಬೈಡ್ ತುಂಬಿ, ನೀರು ಚಿಮುಕಿಸಿ, ಬೆಂಕಿ ತೋರಿಸಿ ಸಿಡಿಸುತ್ತಾರೆ, ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಕ್ಯಾನಿನ ಬಾಯಿಗೆ ಚೆಂಡು ಗಿಡಿಯಬೇಕು. ಮಾರಿಟಳ ಅಣ್ಣ ವೌಟರ್ ಕುಡಿದು ಕಬ್ಬಿಣದ ಮುಚ್ಚಳವನ್ನೇ ಬಡಿದು ಕೂರಿಸಿದ. ಅದು ಹಾರಿ ನಿವೃತ್ತ ಅಂಚೆಯವನ ಮುಖಕ್ಕೆ ಬಡಿದು ಒಂದು ಕಣ್ಣನ್ನೂ ಅರ್ಧ ಕೆನ್ನೆಯನ್ನೂ ಕೊಂಡೊಯ್ಯಿತು. ಪೊಲೀಸರು ಕೇಳಿದಾಗ ಊರೆಲ್ಲ ಆಕಾಶ ನೋಡಿತು. ಫೆನ್ನಾ ಒಬ್ಬಳು ಕಂಡದ್ದನ್ನು ಹೇಳಿದಳು. ವೌಟರ್ ಈಗ ಜೈಲಿನಲ್ಲಿ. ಊರಿನ ಮಾತು ಊರಾಚೆ ಒಯ್ದವಳಿಗೆ ಮಾರಿಟ್ ಮತ್ತು ಅವಳ ಗುಂಪು ಶಿಕ್ಷೆ ವಿಧಿಸಿತು. ಕಾಲುವೆ ಸೇತುವೆಯ ಮೇಲೆ ಸೈಕಲ್ಲುಗಳನ್ನು ಸುತ್ತ ನಿಲ್ಲಿಸಿ ನಡುವೆ ಹೊಡೆಯುವುದು. ಮುಖಕ್ಕೆ ಹೊಡೆಯಬಾರದು ಅನ್ನುವ ನಿಯಮವನ್ನು ತುಟಿ ಸೀಳಿದ ದಿನ ಬಿಟ್ಟರೆ ಉಳಿದೆಲ್ಲ ದಿನ ಪಾಲಿಸಿದರು.

ತಾಯಿಗೆ ಹೇಳಲಿಲ್ಲ. ತಾಯಿಯ ಕೆಲಸ ಊರಿನ ಮುದುಕರಿಗೆ ಸ್ನಾನ ಮಾಡಿಸುವುದು, ಅರ್ಧ ಮುದುಕರು ವೌಟರನ ಬಂಧುಗಳು. ಸಂಜೆ ತಾಯಿ ಕಾರಿನಲ್ಲಿ ಬಂದು ಕರೆದೊಯ್ಯುತ್ತಿದ್ದಳು, ಹಾಗಾಗಿ ತೊಂದರೆ ಬೆಳಿಗ್ಗೆಯದು ಮಾತ್ರ. ಮೊದಲು ಫೆನ್ನಾ ಗುಂಪು ಹೊರಟು ಹೋಗುವವರೆಗೂ ಕಾದು ತಡವಾಗಿ ಬಂದಳು. ಚೀಟಿ ಸಿಕ್ಕಿತು. ಚೀಟಿ ಸಿಕ್ಕಿದ ಮರುದಿನ ಗುಂಪು ಏಳುವ ಮೊದಲೇ ಹೊರಟರೆ ಹಾರ್ಮ್ ಬಾಗಿಲು ತೆರೆಯುತ್ತಿದ್ದ, ಒಳಗೆ ಕೂರಬಹುದಿತ್ತು. ಆ ಬೆಂಚಿನ ಮೇಲೆ ಯಾರೂ ಹೊಡೆಯುವಂತಿಲ್ಲ. ಅವಳು ಉಪಾಯ ಕಂಡುಕೊಂಡಳು. ಒಂದು ದಿನ ತಡ, ಮರುದಿನ ಬೆಂಚು. ಕೊನೆಗೆ ತಡವಾಗಿ ಹೊರಟ ದಿನವೂ ಯೋರ್ನ್ ಅನ್ನುವ ಹುಡುಗ ಹಿಂದೆ ಉಳಿದು ಸೇತುವೆಯಲ್ಲಿ ಕಾದು ಅವಳನ್ನು ನೀರಿಗೆ ತಳ್ಳಿದ.

“ನೀವು ಚೀಟಿ ಹರಿದ್ರಲ್ಲ ಮೇಡಂ,” ಅಂದಳು ಫೆನ್ನಾ, “ಅದು ನನ್ನ ಬೆಳಿಗ್ಗೆ.”

ರೂಲೀನ್ ಆಸ್ಪತ್ರೆಯ ಶೌಚಾಲಯಕ್ಕೆ ಹೋಗಿ ತನ್ನ ಬಲಗೈಯನ್ನು ಗೋಡೆಗೆ ಗುದ್ದಿದಳು. ಚರ್ಮ ಕಿತ್ತು ರಕ್ತ ಬರುವವರೆಗೂ ಗುದ್ದಿದಳು. ಹತ್ತು ಸಲ ಸಹಿ ಹಾಕಿದ ಕೈ ಅದು.

ಹೆಡ್‌ಮೇಷ್ಟ್ರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿಯವರು. ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿ ಕಾಫಿ ಕೊಟ್ಟು, ಒಬ್ಬೊಬ್ಬರಿಗೆ ಐದೈದು ನಿಮಿಷ ಮಾತಾಡಲು ಬಿಟ್ಟರು. ಕಡಲಿಗೆ ಒಡ್ಡು ಕಟ್ಟಿ ನೆಲ ಮಾಡಿಕೊಂಡ ಆ ದೇಶದಲ್ಲಿ ಸಮುದ್ರವನ್ನೇ ಮೇಜಿನ ಸುತ್ತ ಕೂತು ಹಿಂದಕ್ಕೆ ಕಳಿಸಿದ್ದೇವೆ ಅನ್ನುವ ಭ್ರಮೆ ಎಲ್ಲರಿಗೂ ಇದೆ. ಗುಂಪಿನ ಏಳು ಬಾಯಿಯಿಂದಲೂ ಒಂದೇ ಮಾತು ಬಂತು. ಅವಳೇ ಬಿದ್ದಳು, ನಾವು ಎತ್ತಿದೆವು. ಆಮೇಲೆ ಮಾರಿಟ್ ಕಾರ್ಡು ತೆಗೆದು ಮೇಜಿನ ನಡುವೆ ಇಟ್ಟಳು. ಹತ್ತು ದಿನವೂ ಮೇಡಂ ಫೆನ್ನಾಳನ್ನು ಕಣ್ಣಾರೆ ನೋಡಿ, ಎಲ್ಲ ಸರಿಯಿದೆ ಅಂತ ಸಹಿ ಹಾಕಿದ್ದಾರೆ ಅಂದಳು. ಫೆನ್ನಾಳ ದೂರು ವಿಚಾರಿಸಲು ಬಂದಿದ್ದ ಪೊಲೀಸಿನವನೂ ಕಾರ್ಡಿನ ಫೋಟೋ ತೆಗೆದುಕೊಂಡ. ರೂಲೀನಳ ಸಹಿಯೇ ಫೆನ್ನಾಳ ಮಾತಿಗೆ ಅಡ್ಡ ನಿಂತಿತು. ಗೇಟಿನಾಚೆ ನಡೆದದ್ದು ಶಾಲೆಯ ವ್ಯಾಪ್ತಿಗೆ ಬರುವುದಿಲ್ಲ ಅಂತ ಹೆಡ್‌ಮೇಷ್ಟ್ರು ಮುಗಿಸಿದರು.

ಸೋಮವಾರದಿಂದ ನಾನೇ ಆ ಹುಡುಗಿಯ ಜೊತೆ ಬರುತ್ತೇನೆ, ಅಂದಳು ರೂಲೀನ್. ಆಗಲಿ, ಅಂದರು ಹೆಡ್‌ಮೇಷ್ಟ್ರು. ಯಾರಿಗೂ ಮುಚ್ಚುಮರೆ ಇರಬಾರದೆಂದು ಎಲ್ಲ ಮಕ್ಕಳ ಮನೆಗಳಿಗೂ ವಿನಯದ ಪತ್ರ ಕಳಿಸಿದರು. ಯಾರು, ಯಾವ ದಿನದಿಂದ, ಎಷ್ಟು ಗಂಟೆಗೆ ಹೊರಡುತ್ತಾರೆ, ಎಲ್ಲ ಅದರಲ್ಲಿತ್ತು.

ರೂಲೀನಳ ಬಳಿ ಕಾರಿಲ್ಲ. ಸೋಮವಾರ ಆರಕ್ಕೆ ಸೈಕಲ್ ಹತ್ತಿ ಹಳ್ಳಿಗೆ ಹೋದಳು. ಪ್ಲಾಸ್ಟರಿನ ಕೈಯ ಫೆನ್ನಾಳನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಏಳಕ್ಕೆ ಹೊರಟಳು. ಕಾಲುವೆಯ ಏರಿಯ ಮೇಲೆ ಇನ್ನೂ ಮಬ್ಬು. ಸೇತುವೆಯ ಮೇಲೆ ಏಳು ಸೈಕಲ್ಲುಗಳು ಅಡ್ಡ ನಿಂತಿದ್ದವು.

“ಗುಡ್ ಮಾರ್ನಿಂಗ್ ಮೇಡಂ,” ಅಂದಳು ಮಾರಿಟ್. “ಇವತ್ತು ಸಹಿ ಎಲ್ಲಿ ಹಾಕ್ತೀರಾ?”

ಯೋರ್ನ್ ಒಂದು ಗೂಟವನ್ನು ಮುಂದಿನ ಚಕ್ರದೊಳಗೆ ತೂರಿದ. ಸೈಕಲ್ಲು ತಲೆಕೆಳಗಾಯಿತು. ರೂಲೀನಳ ಬಾಯಿ ಸೇತುವೆಯ ಕಂಬಿಗೆ ಬಡಿದು ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಎದ್ದೇಳುವ ಮೊದಲೇ ಪಕ್ಕೆಗೆ ಒದ್ದರು, ಬೆನ್ನಿಗೆ ಒದ್ದರು. ಯಾರೋ ಅವಳ ಬಿಸ್ಕತ್ತಿನ ಡಬ್ಬದ ಮಾತೆತ್ತಿ ನಕ್ಕರು. ಎರಡು ಮಾರು ಆಚೆ ಯೋರ್ನ್ ಫೆನ್ನಾಳ ಪ್ಲಾಸ್ಟರಿನ ಮೇಲೆ ಬೂಟು ಇಟ್ಟು ನಿಧಾನವಾಗಿ ತುಳಿಯುತ್ತಿದ್ದ. ಫೆನ್ನಾ ಕಿರುಚಲಿಲ್ಲ. ಕಿರುಚಿದರೆ ಇನ್ನೂ ಹೊತ್ತಾಗುತ್ತದೆ ಅಂತ ಅವಳಿಗೆ ಅಭ್ಯಾಸದಿಂದ ಗೊತ್ತಿತ್ತು. ಆ ಸುಮ್ಮನಿರುವಿಕೆಯನ್ನು ನೋಡಿದಾಗ ರೂಲೀನಳೊಳಗೆ ಹತ್ತೊಂಬತ್ತು ವರ್ಷದ ನಯವಿನಯವೆಲ್ಲ ಸುಟ್ಟುಹೋಯಿತು.

ಬಿದ್ದ ಸೈಕಲ್ಲಿನಿಂದ ಬೀಗದ ಸರಪಳಿ ಎಳೆದುಕೊಂಡಳು. ಹೆಬ್ಬೆರಳು ದಪ್ಪದ ಕೊಂಡಿಗಳು, ತುದಿಯಲ್ಲಿ ಬೀಗ. ಬೀಸಿದ್ದು ಯೋರ್ನನ ಮೊಣಕೈಗೆ ಬಿತ್ತು, ಒಣಕಟ್ಟಿಗೆ ಮುರಿದ ಸದ್ದು ಬಂತು. ಅವನು ಕೈ ಹಿಡಿದುಕೊಂಡು ಊಳಿಟ್ಟ. ಇನ್ನೊಬ್ಬನ ಭುಜಕ್ಕೆ ಬಿತ್ತು, ಮತ್ತೊಬ್ಬಳ ಸೈಕಲ್ಲಿನ ದೀಪ ಪುಡಿಯಾಯಿತು. ಅವಳಿಗೆ ಹಿತವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಗುವಷ್ಟು ಹಿತವಾಗುತ್ತಿತ್ತು. ಗುಂಪು ಸೈಕಲ್ಲುಗಳನ್ನು ಬಿಟ್ಟು ಏರಿಯ ಮೇಲೆ ಓಡಿತು. ಮಾರಿಟ್ ಒಬ್ಬಳು ಕದಲಲಿಲ್ಲ. ಮುಖ ಬಿಳಿಚಿತ್ತು, ಕೈಗಳು ಜೇಬಿನಲ್ಲಿದ್ದವು.

“ನೀವು ನಮ್ಮನ್ನ ಮುಟ್ಟೋ ಹಾಗಿಲ್ಲ ಮೇಡಂ. ನಿಯಮ ಇದೆ.”

ರೂಲೀನ್ ಸರಪಳಿಯನ್ನು ತಲೆಯ ಮೇಲಕ್ಕೆ ಎತ್ತಿದಳು. ಆ ಬೆಣ್ಣೆಯಂಥ ಬಾಯಿ ಅವಳಿಗೆ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಆಗ ಹಿಂದಿನಿಂದ ಒಂದು ಕೈ ಅವಳ ಕೋಟಿನ ತೋಳು ಹಿಡಿಯಿತು.

“ಸಾಕು ಮೇಡಂ,” ಅಂದಳು ಫೆನ್ನಾ. “ಶಾಲೆಗೆ ತಡ ಆಗುತ್ತೆ.”

ಸರಪಳಿ ಕೆಳಗೆ ಬಿತ್ತು. ಮಾರಿಟ್ ಎರಡು ಹೆಜ್ಜೆ ಹಿಂದೆ ಸರಿದು, ತಿರುಗಿ, ಓಡಿದಳು. ರೂಲೀನ್ ಫೋನು ತೆಗೆದು ಪೊಲೀಸರಿಗೆ ಹೇಳಿದಳು. ಸೇತುವೆಯ ಮೇಲೆ ಒಬ್ಬ ಹುಡುಗ ಕೈ ಮುರಿದುಕೊಂಡು ಕೂತಿದ್ದಾನೆ, ಮುರಿದವಳು ನಾನು, ಬೇಗ ಬನ್ನಿ ಅಂದಳು. ಬಂದ ಪೊಲೀಸಿನವಳು ಯೋರ್ನನನ್ನು ಆಂಬುಲೆನ್ಸಿಗೆ ಹತ್ತಿಸಿ, ಇವರಿಬ್ಬರ ಹೆಸರು ಬರೆದುಕೊಂಡು, ಆಸ್ಪತ್ರೆಗೆ ಬಿಡುತ್ತೇನೆ ಅಂದಳು. ಮೊದಲು ಶಾಲೆಗೆ ಬಿಡಿ, ಅಂದಳು ರೂಲೀನ್.

ಎಂಟು ನಲವತ್ತೊಂದಕ್ಕೆ ಇಬ್ಬರೂ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಹಾರ್ಮ್ ಈ ಸಲ ಗಡಿಯಾರ ನೋಡಲಿಲ್ಲ. ಗಾಜಿನ ಕೋಣೆಯಿಂದ ಓಡಿ ಬಂದು ಫೆನ್ನಾಳನ್ನು ಬೆಂಚಿನ ಮೇಲೆ ಕೂರಿಸಿದ.

“ಚೀಟಿ ಪುಸ್ತಕ ಕೊಡಿ,” ಅಂದಳು ರೂಲೀನ್. ಮುರಿದ ಹಲ್ಲಿನ ಸಂದಿಯಿಂದ ಮಾತು ತೊದಲುತ್ತಿತ್ತು.

ನಿಂತುಕೊಂಡೇ ಬರೆದಳು. ಹರಿದಿದ್ದ ಐದು ಚೀಟಿಗಳನ್ನು ಹಾರ್ಮನ ಪುಸ್ತಕ ನೋಡಿ ಅದೇ ಹಳೆಯ ತಾರೀಕು ಹಾಕಿ ಮತ್ತೆ ಬರೆದಳು. ಉಳಿದಿದ್ದ ಹತ್ತಕ್ಕೆ ಐದು ಸೇರಿ ಹದಿನೈದಾಯಿತು. ಹದಿನಾರನೆಯದನ್ನು ಇವತ್ತಿನ ತಾರೀಕಿಗೆ ಬರೆದಳು. ಗೇಟಿನಾಚೆ ಹುಡುಗಿಯ ಕೈ ಮುರಿದರೆ ಶಾಲೆಗೆ ಸಂಬಂಧವಿಲ್ಲ, ಹೆಡ್‌ಮೇಷ್ಟ್ರು ಕಾಫಿ ಕೊಟ್ಟು ಮುಗಿಸಬಹುದು. ಆದರೆ ಹದಿನಾರು ಸಲ ತಡವಾದರೆ ಅಧಿಕಾರಿ ಬರಲೇಬೇಕು, ಊರಿನ ಒಂದೊಂದು ಬಾಗಿಲೂ ಬಡಿದು ಯಾಕೆ ತಡ ಅಂತ ಕೇಳಲೇಬೇಕು. ‘ಕಾರಣ’ದ ಗೆರೆ ಸಾಲದೆ ಅವಳು ಚೀಟಿಯ ಹಿಂದಕ್ಕೂ ಬರೆದಳು. ಏಳು ಜನರ ಹೆಸರು ಬರೆದಳು. ಸೇತುವೆಯ ಮೇಲೆ ಕಾದು ಹೊಡೆದರು, ಹಿಂದಿನ ಹತ್ತು ದಿನವೂ ಹೊಡೆದಿದ್ದರು, ನಾನು ನೋಡದೆ ಸಹಿ ಹಾಕಿದೆ ಅಂತ ಬರೆದಳು. ಕೊನೆಯಲ್ಲಿ, ಇವತ್ತು ನಾನೂ ಹೊಡೆದೆ, ಯೋರ್ನನ ಮೊಣಕೈ ಮುರಿದಿರಬಹುದು, ಅಂತ ಬರೆದು ಪೂರ್ತಿ ಹೆಸರು ಹಾಕಿದಳು.

ಹಾರ್ಮ್ ಓದಿ ಕನ್ನಡಕ ತೆಗೆದ.

“ಕೊನೇ ಸಾಲು ಬೇಡ ತಾಯಿ. ಇದನ್ನ ಕಳಿಸಿದ್ರೆ ಇವತ್ತೇ ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ. ಅದನ್ನ ಬಿಟ್ರೆ ಉಳಿದದ್ದನ್ನೂ ಯಾರೂ ನಂಬಲ್ಲ. ಕಳಿಸಿ.”

ಹಾರ್ಮ್ ಹದಿನಾರನೆಯ ಚೀಟಿಯ ಎರಡೂ ಬದಿಯ ನಕಲು ತೆಗೆದು, ಮೂಲವನ್ನು ಲಕೋಟೆಗೆ ಹಾಕಿ ಅಂಟಿಸಿದ, ನಕಲನ್ನು ಫೆನ್ನಾಳ ಕೈಗೆ ಕೊಟ್ಟ. ಅವಳು ಎರಡೂ ಕಡೆ ಓದಿದಳು. ಓದಿ, ನಾಳೆ ಏಳೂಮುಕ್ಕಾಲಕ್ಕಾ ಅಂತ ಕೇಳಿದಳು.

“ಆರೂವರೆಗೆ ನಿಮ್ಮನೆ ಮುಂದೆ ನನ್ನ ಗಾಡಿ ನಿಂತಿರುತ್ತೆ,” ಅಂದ ಹಾರ್ಮ್. “ನಲವತ್ತು ವರ್ಷ ಗಡಿಯಾರ ನೋಡಿದ್ದು ಸಾಕು.”

ಮೇಲಿನ ಮಹಡಿಯಿಂದ ಹೆಡ್‌ಮೇಷ್ಟ್ರ ಹೆಜ್ಜೆಗಳು ಇಳಿದುಬರುತ್ತಿದ್ದವು. ರೂಲೀನ್ ಬೆಂಚಿನ ಮೇಲೆ ಹುಡುಗಿಯ ಪಕ್ಕ ಕೂತು ಬಾಯಿಯ ರಕ್ತ ಒರೆಸಿಕೊಂಡಳು. ಫೆನ್ನಾ ಅವಳ ಕಡೆ ನೋಡಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬಿರುಕುಬಿಟ್ಟ ಪ್ಲಾಸ್ಟರಿನೊಳಗೆ, ಯಾರ ಕೈಯೂ ಹೋಗದಷ್ಟು ಆಳಕ್ಕೆ ತುರುಕಿಕೊಂಡಳು.